ಹೂ ಎಡಕ್ಕೆ ಬಿತ್ತು, ಆದರೂ ಬೆಂಗಳೂರು ಬಿಡಬೇಕು ಅನ್ನಿಸುತ್ತಿದೆ

ತೆಂಗಿನಗರಿ | 13 ಏಪ್ರಿಲ್ 2025, ರಾತ್ರಿ 10:40

ಅಡುಗೆ ಚರ್ಚೆಗಳಲ್ಲಿ ನನ್ನನ್ನು ನೋಡಿರುತ್ತೀರಿ. ಮನೆ ವಿಷಯ ಬರೆಯುತ್ತಿರೋದು ಇದೇ ಮೊದಲು. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಪೀಣ್ಯದ ಹತ್ತಿರ ಒಂದೇ ಬಾಡಿಗೆ ಮನೆಯಲ್ಲಿ 11 ವರ್ಷದಿಂದ ಇದ್ದೇವೆ. ಯಜಮಾನರು ಒಂದು ಸಣ್ಣ ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷೀನ್ ನಡೆಸುತ್ತಿದ್ದರು. ಫೆಬ್ರವರಿಯಲ್ಲಿ ಆರ್ಡರ್ ಇಲ್ಲ ಅಂತ ಒಂದಷ್ಟು ಜನರನ್ನು ಮನೆಗೆ ಕಳಿಸಿದರು. ಅದರಲ್ಲಿ ಇವರೂ ಒಬ್ಬರು. ಅದಕ್ಕೆ ಮೊದಲೇ, ಸಂಕ್ರಾಂತಿ ಹಿಂದಿನ ದಿನ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಅಡುಗೆಮನೆವರೆಗೆ ಬರುತ್ತಾರೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದ ಮೇಲೆ ಅವರು ಬೀದಿ ನೋಡಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ತಿಂಗಳಿಗೆ ಆರೇಳು ಸಾವಿರ. ಮಗಳು ಈಗ 9ನೇ ಕ್ಲಾಸಿಗೆ ಹೋಗಬೇಕು, ಮಗ 4ನೇ ಕ್ಲಾಸಿಗೆ.

ಕಷ್ಟ ಹೇಳೋಕೆ ಕೂತರೆ ಮುಗಿಯಲ್ಲ. ಇನ್ನೊಂದನ್ನು ಹೇಳಬೇಕು. ಹೋದ ವರ್ಷ ಮಾರ್ಚಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿತು. 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು ನಿಜ, ನಮ್ಮ ಗೇಟಿಗೆ ಬರುವಷ್ಟರಲ್ಲಿ ಅದು ಎಷ್ಟಾಗುತ್ತಿತ್ತು ಅನ್ನೋದು ಬಿಡಿ. ನೀಲಿ ಡ್ರಮ್ಮಿನ ತಳಕ್ಕೆ ಚೊಂಬು ತಾಗಿ ಟಣ್ ಅಂದರೆ ಮನೆಯವರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಿದ್ದೆವು. ಆಗ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಪಟ್ಟಿ ಶುರು ಮಾಡಿದೆ. "ಕೆಳಗಿನ ಮನೆ ಅಜ್ಜಿ, 4 ಬಿಂದಿಗೆ." ವಾಪಸ್ ಕೊಡಬೇಕಲ್ಲ, ಅದಕ್ಕೆ. ಬರ್ತಾ ಬರ್ತಾ ವಾಪಸ್ ಕೊಡೋಕೆ ಆಗದ್ದೂ ಸೇರಿಕೊಂಡವು. "ಆಟೋದವರು, ಆಸ್ಪತ್ರೆಗೆ, ದುಡ್ಡು ತಗೊಳ್ಳಲಿಲ್ಲ." "ಎದುರುಮನೆ ಹುಡುಗ, ಅತ್ತೆ ಕುರ್ಚಿ ಹಿಡಿದ. ಬೆನ್ನುನೋವು ಅಂದ. ಮಾರನೇ ದಿನವೂ ಬಂದ." ರಾತ್ರಿ ದೀಪ ಹಚ್ಚಿದ ಮೇಲೆ ಅದನ್ನು ಒಂದ್ಸಲ ಓದುತ್ತೇನೆ. ಮಂತ್ರ ಗಿಂತ್ರ ನನಗೆ ಬರಲ್ಲ. ನನ್ನ ಪೂಜೆ ಅಷ್ಟೇ.

ಈಗ ವಿಷಯ. ನಮ್ಮೂರು ಅರಸೀಕೆರೆ ತಾಲ್ಲೂಕು. ಊರಿಗೆ ಹೋಗಿಬಿಡೋಣ ಅಂತ ನನಗೆ ಬಲವಾಗಿ ಅನ್ನಿಸಿದೆ. ಯಜಮಾನರು ಅರ್ಧ ಮನಸ್ಸಲ್ಲಿದ್ದಾರೆ. ಯುಗಾದಿಗೆ ಹೋಗಿದ್ದಾಗ ಮಾರಮ್ಮನ ಗುಡಿಯಲ್ಲಿ ಹೂ ಪ್ರಸಾದ ಕೇಳಿಸಿದೆವು. ಹೂ ಎಡಕ್ಕೆ ಬಿತ್ತು. ನಮ್ಮ ಕಡೆ ಬಲಕ್ಕೆ ಬಿದ್ದರೆ ಹೌದು, ಎಡಕ್ಕಾದರೆ ಬೇಡ ಅಂತ. ಅವತ್ತಿಂದ ಅತ್ತೆ, "ಅಮ್ಮ ಬೇಡ ಅಂದಮೇಲೆ ಮುಗೀತು" ಅಂತಿದ್ದಾರೆ. ಯಜಮಾನರು ಸುಮ್ಮನಾಗಿದ್ದಾರೆ.

ಇಷ್ಟು ದಿನ ಅವಳೇ ಕಾಪಾಡಿದ್ದು ಅಂತ ನಾನು ನಂಬಿದ್ದೇನೆ. ಈಗ ಅವಳ ಮಾತು ಮೀರೋದಾ? ನೀವಾಗಿದ್ದರೆ ಏನು ಮಾಡ್ತಿದ್ರಿ?

ಹೊರನಾಡ ಹಕ್ಕಿ | 14 ಏಪ್ರಿಲ್, ಬೆಳಗ್ಗೆ 6:12

ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನೂ ನ್ಯೂಜೆರ್ಸಿಯಲ್ಲಿ ದಿನಾ ಮಲಗೋ ಮುಂಚೆ ಒಳ್ಳೆಯದಾಗಿದ್ದು ಮೂರು ಬರೆಯುತ್ತೇನೆ, ಮನಸ್ಸು ಹಗುರ ಆಗುತ್ತೆ. ನೀವು ಆ ಪಟ್ಟಿ ಬಿಡಬೇಡಿ. ಎಲ್ಲಿದ್ದರೂ ಸಂತೋಷ ನಮ್ಮೊಳಗೇ ಇರುತ್ತೆ, ಮನೆ ಬದಲಾಯಿಸೋ ಅಗತ್ಯವೇ ಬೀಳದೆ ಇರಬಹುದು.

ಎರಡನೇ ಪಾಳಿ | 14 ಏಪ್ರಿಲ್, ಬೆಳಗ್ಗೆ 7:50

ಸಂತೋಷ ಒಳಗಿರುತ್ತೆ ಅಕ್ಕ, ಬಾಡಿಗೆ ಹೊರಗಿರುತ್ತೆ.

ತೆಂಗಿನಗರಿ ಅವರೇ, ನಾನೂ ಪೀಣ್ಯದವನೇ. ಹೂವಿನ ವಿಷಯ ನನಗೆ ಗೊತ್ತಿಲ್ಲ. ಒಂದು ಕೇಳ್ತೀನಿ. ನಿಮ್ಮ ಯಜಮಾನರು ಎಷ್ಟು ವರ್ಷ ಕೆಲಸ ಮಾಡಿದ್ದರು? ಹೋಗುವಾಗ ಕೈಗೆ ಏನು ಕೊಟ್ಟರು? ರಾಜೀನಾಮೆ ಬರೆಸಿಕೊಂಡರಾ?

ಲೆಕ್ಕದ ಮೇಷ್ಟ್ರು | 14 ಏಪ್ರಿಲ್, ಬೆಳಗ್ಗೆ 9:05

ತಾಯಿ, ನಾನು ದೇವರು ದಿಂಡರು ನಂಬೋನಲ್ಲ, ಮೊದಲೇ ಹೇಳಿಬಿಡ್ತೀನಿ. ಒದ್ದೆ ಹೂ ಯಾವ ಕಡೆ ಭಾರ ಇರುತ್ತೋ ಆ ಕಡೆ ಜಾರುತ್ತೆ. ಅದರ ಮೇಲೆ ಎರಡು ಮಕ್ಕಳ ಶಾಲೆ, ಒಬ್ಬ ಮುದುಕಿಯ ಸೊಂಟ, ಒಂದು ಸಂಸಾರದ ಊಟ ನಿಲ್ಲಿಸಬೇಡಿ.

ಹಾಳೆ ತಗೊಳ್ಳಿ. ಎಡಕ್ಕೆ ಬೆಂಗಳೂರಿನ ಖರ್ಚು, ಬಲಕ್ಕೆ ಊರಿನ ಖರ್ಚು. ಇಲ್ಲಿ ಹಾಕಿ, ನಾನು ಕೂಡಿ ಕೊಡ್ತೀನಿ. ನೆನಪಿರಲಿ, ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದೆ. ಬೆಂಗಳೂರಿನ ಕಾವೇರಿ ನೀರಿನ ದರವೂ 2014ರ ನಂತರ ಮೊದಲ ಸಲ ಏರಿದೆ. ಮಾರ್ಚ್ ಲೆಕ್ಕ ಹಾಕಿ ಮೋಸ ಹೋಗಬೇಡಿ.

ಹಳೇಬೇರು | 14 ಏಪ್ರಿಲ್, ಮಧ್ಯಾಹ್ನ 1:30

ಮೇಷ್ಟ್ರೇ, ಅವರು ಕೇಳಿದ್ದು ಹೂ ಯಾಕೆ ಜಾರುತ್ತೆ ಅಂತಲ್ಲ.

ಅಮ್ಮಾ, ನನಗೆ 68 ವರ್ಷ. ನಮ್ಮ ಮನೆಯಲ್ಲಿ ಮೂರು ಮದುವೆ, ಒಂದು ಬಾವಿ, ಒಂದು ಪಾಲು, ಎಲ್ಲಾ ಹೂ ಕೇಳಿಯೇ ಆಗಿದ್ದು. ಅದಕ್ಕೇ ಒಂದು ವಿಷಯ ಕೇಳ್ತೀನಿ, ತಪ್ಪು ತಿಳೀಬೇಡ. ಗುಡಿಯಲ್ಲಿ ಸಂಕಲ್ಪ ಮಾಡಿದವರು ಯಾರು? ಪೂಜಾರಪ್ಪನಿಗೆ ಏನಂತ ಹೇಳಿದರು? ಬಾಯಲ್ಲಿ ಆಡಿದ ಮಾತು ಅಕ್ಷರ ಬಿಡದೆ ಬರಿ. ಅಮ್ಮ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತಾಳೆ. ಕೇಳದೆ ಇರೋದಕ್ಕೆ ಕೊಡಲ್ಲ.

ಬೆಣ್ಣೆದೋಸೆ | 14 ಏಪ್ರಿಲ್, ಸಂಜೆ 4:18

ಹಳೇಬೇರು ಅಮ್ಮನ ಮಾತು ಓದಿ ನಮ್ಮ ದಾದಿ, ಅಂದರೆ ಅಜ್ಜಿ, ನೆನಪಾದರು. ನಮ್ಮದು ದಾವಣಗೆರೆ. ನಮ್ಮಲ್ಲಿ ಇಸ್ತಿಖಾರಾ ಅಂತ ಇದೆ. ಏನಾದರೂ ತೀರ್ಮಾನ ಮಾಡೋ ಮುಂಚೆ ಎರಡು ರಕಾತ್ ನಮಾಜ್ ಮಾಡಿ ದುವಾ ಕೇಳ್ತೀವಿ. "ಇದು ನನಗೆ ಒಳ್ಳೇದಿದ್ದರೆ ಸುಲಭ ಮಾಡಿಕೊಡು, ಕೆಟ್ಟದ್ದಿದ್ದರೆ ನನ್ನಿಂದ ದೂರ ಮಾಡು, ಒಳ್ಳೇದು ಎಲ್ಲಿದೆಯೋ ಅದನ್ನು ಕೊಡು" ಅನ್ನೋ ಅರ್ಥದ್ದು. ಕನಸು ಬೀಳುತ್ತೆ ಅಂತ ಕಾಯೋರೂ ಇದ್ದಾರೆ. ದಾದಿ ಒಪ್ಪುತ್ತಿರಲಿಲ್ಲ. "ಕೇಳಿಯಾಯ್ತು, ಇನ್ನು ಎದ್ದು ಕೆಲಸ ನೋಡು. ಬಾಗಿಲು ತೆರೆದರೆ ಹೋಗು, ಮುಚ್ಚಿದ್ದರೆ ಪಕ್ಕದ್ದು ತಟ್ಟು" ಅನ್ನೋರು.

ಅಬ್ಬಾನ ಮಂಡಕ್ಕಿ ಭಟ್ಟಿ ನಿಂತಾಗ ನಾವು ಮೂರು ಮನೆ ಬದಲಾಯಿಸಿದ್ದೀವಿ. ಪ್ರತಿ ಸಲ ದಾದಿ ಖಾಲಿ ಮನೆ ಗುಡಿಸಿ, ಒರೆಸಿ, ಹೊಸ್ತಿಲಲ್ಲಿ ನಿಂತು ಆ ಮನೆಗೆ ಶುಕ್ರಿಯಾ ಹೇಳಿ ಬರೋರು. ಬಾಡಿಗೆ ಬಾಕಿಗೆ ಬೈದು ಕಳಿಸಿದ ಮನೆಗೂ! ನಮಗೆ ನಗು ಬರ್ತಿತ್ತು.

ತೆಂಗಿನಗರಿ | 14 ಏಪ್ರಿಲ್, ರಾತ್ರಿ 11:02

ಎಲ್ಲರಿಗೂ ಉತ್ತರ ಬರೀತೀನಿ. ಮಕ್ಕಳು ಮಲಗಲಿ ಅಂತ ಕಾಯ್ತಿದ್ದೆ.

ಮೇಷ್ಟ್ರೇ, ಲೆಕ್ಕ. ಬಾಡಿಗೆ 14,000, ಜೂನ್‌ನಿಂದ 15,000 ಅಂದಿದ್ದಾರೆ. ನೀರು, ಕರೆಂಟು, ಗ್ಯಾಸ್ ಸೇರಿ 2,300. ಗೃಹಜ್ಯೋತಿ ಇರೋದರಿಂದ ಕರೆಂಟಿಗೆ ಖರ್ಚಿಲ್ಲ ಅಂದರೂ ನಡೆಯುತ್ತೆ. ಅತ್ತೆ ಔಷಧಿ, ಫಿಸಿಯೋದವರು ಸೇರಿ 4,200. ಶಾಲೆ ಇಬ್ಬರಿಗೂ ತಿಂಗಳಿಗೆ ಹಂಚಿದರೆ 5,000. ಸಾಮಾನು, ಹಾಲು, ತರಕಾರಿ 9,000. ಬರೋದು ನನ್ನ ಏಳು ಸಾವಿರ, ಗೃಹಲಕ್ಷ್ಮಿ ಎರಡು ಸಾವಿರ, ಅದೂ ಬಂದ ತಿಂಗಳು. ಇವರು ಈಗ ಅಲ್ಲಿ ಇಲ್ಲಿ ದಿನಗೂಲಿಗೆ ಹೋಗ್ತಾರೆ.

ಎರಡನೇ ಪಾಳಿ ಅಣ್ಣ, 11 ವರ್ಷ. ಕೊನೆ ತಿಂಗಳ ಸಂಬಳ ಕೊಟ್ಟರು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರಂತೆ, ಇಂಗ್ಲಿಷಲ್ಲಿತ್ತಂತೆ, ಇವರು ಓದಲಿಲ್ಲ. ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದಿದ್ದಕ್ಕೆ ಕೆಲಸ ಬಿಡುವಾಗ ಬರೋ ದುಡ್ಡು, ಕೇಳಿ ಅಂತ ಜೊತೆಯವರು ಹೇಳಿದರೆ ಇವರು ಬೇಡ ಅಂತಾರೆ. ಅದಕ್ಕೆ ಕಾರಣ ಇದೆ. ಅತ್ತೆ ಆಪರೇಷನ್‌ಗೆ ಓನರ್ 10,000 ಕೊಟ್ಟಿದ್ದರು. ಕೇಳಿದ ತಕ್ಷಣ, ಜೇಬಿನಿಂದ ತೆಗೆದು. ನನ್ನ ಪಟ್ಟಿಯಲ್ಲೂ ಅದಿದೆ. "ಅನ್ನ ಕೊಟ್ಟ ಜಾಗ, ಕಷ್ಟಕ್ಕೂ ಆದರು. ಈಗ ಅವರಿಗೇ ಆರ್ಡರ್ ಇಲ್ಲ. ಅರ್ಜಿ ಹಿಡ್ಕೊಂಡು ನಿಲ್ಲಲಾ?" ಅಂತಾರೆ.

ಹಳೇಬೇರು ಅಮ್ಮ, ನೀವು ಕೇಳಿದ ಮೇಲೆ ನಾನು ಕೂತು ನೆನಪು ಮಾಡಿಕೊಂಡೆ. ಸಂಕಲ್ಪ ಮಾಡಿಸಿದ್ದು ನಮ್ಮ ವಾರಗಿತ್ತಿ. ಅವರು ಊರಲ್ಲೇ ಇರೋರು, ಪೂಜಾರಪ್ಪನಿಗೆ ಪರಿಚಯ. ಅವರು ಹೇಳಿದ್ದು ಇಷ್ಟು: "ಮೈದುನನ ಸಂಸಾರ ಬಂದು ನಮ್ಮ ಮನೇಲಿ ಸೇರಬಹುದಾ ತಾಯಿ, ನಡೆಸಿಕೊಡ್ತೀಯಾ?"

ಜಂಕ್ಷನ್ ಹುಡುಗ | 14 ಏಪ್ರಿಲ್, ರಾತ್ರಿ 11:20

"ನಮ್ಮ ಮನೇಲಿ."

ಎರಡನೇ ಪಾಳಿ | 14 ಏಪ್ರಿಲ್, ರಾತ್ರಿ 11:24

ಹ್ಞೂಂ.

ಹಳೇಬೇರು | 15 ಏಪ್ರಿಲ್, ಬೆಳಗ್ಗೆ 5:55

ನೋಡಿದೆಯಾ. ಬೆಂಗಳೂರು ಬಿಡಬೇಕಾ ಅಂತ ಅಮ್ಮನನ್ನು ಯಾರೂ ಕೇಳೇ ಇಲ್ಲ. ಆ ಮನೆಗೆ ಹೋಗಿ ಸೇರಬಹುದಾ ಅಂತ ಕೇಳಿದ್ದಾರೆ. ಬೇಡ ಅಂದಿದ್ದಾಳೆ. ಸರಿಯಾಗಿಯೇ ಹೇಳಿದ್ದಾಳೆ ಅಂತ ನನಗನ್ನಿಸುತ್ತೆ. ಒಂದೇ ಒಲೆಯಲ್ಲಿ ಇಬ್ಬರು ವಾರಗಿತ್ತಿಯರು, ಮಧ್ಯದಲ್ಲಿ ಹಾಸಿಗೆ ಹಿಡಿದ ಅತ್ತೆ. ಅದರ ರುಚಿ ನಾನು ಉಂಡಿದ್ದೇನೆ.

ವಾರಗಿತ್ತಿಯನ್ನೂ ಬೈಕೋಬೇಡ. ಅವಳ ಭಯ ಅವಳಿಗೆ.

ಜಂಕ್ಷನ್ ಹುಡುಗ | 15 ಏಪ್ರಿಲ್, ಬೆಳಗ್ಗೆ 8:10

ಅಕ್ಕ, ನಾನು ಅರಸೀಕೆರೆ ಟೌನಲ್ಲೇ ಇರೋದು, ಸ್ಟೇಷನ್ ಹಿಂದೆ. ಭಯ ಏನಂತ ಹೊರಗಿನವರಿಗೆ ಗೊತ್ತಾಗಲಿ ಅಂತ ಹೇಳ್ತೀನಿ, ತಪ್ಪಿದ್ದರೆ ತಿದ್ದಿ. ಈ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100. ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಮೇಲೆ ನಡೀತಿದೆ. ಯಾಕೆ ಅಂದರೆ ಕಾಯಿ ಇಲ್ಲ. ಬಿಳಿ ನೊಣ, ಕಪ್ಪುತಲೆ ಹುಳ, ಮೊದಲಿನ ಬರ, ಎಲ್ಲಾ ಸೇರಿ ಇಳುವರಿ ಬಿದ್ದಿದೆ. ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದರೆ ಕೊಬ್ಬರಿ. ಈಗ ಅಟ್ಟದಲ್ಲಿ ಕಾಯಿ ಇರೋರೇ ರಾಜರು. ಆ ಹೊತ್ತಿಗೆ ತಮ್ಮ ಸಂಸಾರ ಸಮೇತ ಬಂದು ಇಳಿದರೆ ಅಣ್ಣನಿಗೆ ಪಾಲಿನ ನೆನಪಾಗದೆ ಇರುತ್ತಾ?

ಟೌನಿಗೆ ಬನ್ನಿ. ನೆಲಮಹಡಿ, ಎರಡು ರೂಮಿನ ಮನೆ 6,000ದಿಂದ 7,000ಕ್ಕೆ ನಮ್ಮ ಬೀದಿಯಲ್ಲೇ ಇದೆ. ಅಡ್ವಾನ್ಸ್ ಬೆಂಗಳೂರಿನ ಥರ ಹತ್ತು ತಿಂಗಳದ್ದು ಕೇಳಲ್ಲ.

ಆದರೆ ನೀರಿನ ಆಸೆಗೆ ಬರ್ತಿದ್ದರೆ ಬರಬೇಡಿ! ನಮ್ಮದು ಒಣ ತಾಲ್ಲೂಕು. ಎತ್ತಿನಹೊಳೆ ನೀರಿನ ಯೋಜನೆಯ ಮೊದಲ ಹಂತಕ್ಕೆ ಹೋದ ವರ್ಷ ಸೆಪ್ಟೆಂಬರ್ 6ಕ್ಕೆ, ಗೌರಿ ಹಬ್ಬದ ದಿನ, ಸಕಲೇಶಪುರದ ಹತ್ತಿರ ಚಾಲನೆ ಕೊಟ್ಟರು. ಅದು ನಮ್ಮನೆ ನಲ್ಲಿಗೆ ಬರುತ್ತೆ ಅಂತ ನಾನಿನ್ನೂ ಬಿಂದಿಗೆ ಇಟ್ಟಿಲ್ಲ.

ಸಿಲ್ಕ್ ಬೋರ್ಡ್ ಸಂತ್ರಸ್ತ | 15 ಏಪ್ರಿಲ್, ಬೆಳಗ್ಗೆ 10:31

ಕಾವೇರಿ 5ನೇ ಹಂತ ಹೋದ ಅಕ್ಟೋಬರ್ 16ಕ್ಕೆ ಶುರುವಾಯ್ತಲ್ಲ, ದಿನಕ್ಕೆ 77.5 ಕೋಟಿ ಲೀಟರ್. ಬೆಂಗಳೂರಿನ ನೀರಿನ ಸಮಸ್ಯೆ ಮುಗೀತು. ಇನ್ನೊಂದು ವರ್ಷ ಕಾಯಿರಿ, ಕೆಲಸ ಸಿಗುತ್ತೆ. ಒಂದ್ಸಲ ಬಿಟ್ಟು ಹೋದವರು ವಾಪಸ್ ಬರೋದು ಕಷ್ಟ.

ಎರಡನೇ ಪಾಳಿ | 15 ಏಪ್ರಿಲ್, ಮಧ್ಯಾಹ್ನ 2:15

ಅದು ಹೆಚ್ಚಾಗಿ ಬೆಂಗಳೂರಿಗೆ ಆಮೇಲೆ ಸೇರಿದ 110 ಹಳ್ಳಿ ಭಾಗಕ್ಕೆ ಮಾಡಿದ್ದು ಸಾರ್. ಆಯ್ತು, ನೀರು ಬಂತು ಅಂತಲೇ ಇಟ್ಟುಕೊಳ್ಳಿ. ಅಜ್ಜಿ ಎರಡು ಮಹಡಿ ಇಳಿಯೋಕೆ ಕಾವೇರಿ ಬರ್ತಾಳಾ?

ಈಗ ಅಕ್ಕ, ನಾನು ಬರೆಯೋದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಐದು ವರ್ಷ ದಾಟಿದ ಕೆಲಸಗಾರನಿಗೆ ಗ್ರಾಚ್ಯುಟಿ ಕೊಡಬೇಕು ಅಂತ 1972ರ ಕಾಯ್ದೆ. ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ಪೇ ಸ್ಲಿಪ್ ನೋಡಿ ಹೇಳಿ. ರಾಜೀನಾಮೆ ಅಂತ ಬರೆಸಿಕೊಂಡಿದ್ದರೂ ಇದು ಹೋಗಲ್ಲ. ಕೆಲಸದಿಂದ ತೆಗೆದರೆ ಬರೋ ಪರಿಹಾರ ಬೇರೆ ಇದೆ, ವರ್ಷಕ್ಕೆ 15 ದಿನದ ಸಂಬಳ. ಅದಕ್ಕೆ ಮಾತ್ರ ಆ ಸಹಿ ಅಡ್ಡ ಬರಬಹುದು. ಪಿಎಫ್: ಈಗ, 2025ರ ಏಪ್ರಿಲ್‌ನಲ್ಲಿ ಇರೋ ನಿಯಮದಂತೆ, ಕೆಲಸ ಹೋಗಿ ಒಂದು ತಿಂಗಳಾದರೆ ನೂರಕ್ಕೆ 75 ಭಾಗ ತೆಗೆಯಬಹುದು, ಎರಡು ತಿಂಗಳಾದ ಮೇಲೆ ಉಳಿದದ್ದು. ಮನೆ ಸಾಗಿಸೋ ಖರ್ಚಿಗಷ್ಟೇ ಬಿಡಿಸಿಕೊಳ್ಳಿ, ಪೂರ್ತಿ ಮುಟ್ಟಬೇಡಿ.

ಇನ್ನು ಅನ್ನದ ಋಣದ ಮಾತು. ನಮ್ಮಪ್ಪನೂ ಹೀಗೇ ಅಂದು 19 ವರ್ಷದ ದುಡ್ಡು ಬಿಟ್ಟು ಬಂದರು. ನಿಮ್ಮ ಪಟ್ಟಿ ಒಳ್ಳೇದು, ಆದರೆ ಅದರಲ್ಲಿ ಒಂದೇ ಹಾಳೆ ಇದೆ. ಪಕ್ಕದ ಹಾಳೆಯಲ್ಲಿ ಬಾಕಿ ಬರೀರಿ. ಆ 10,000 ಓನರ್ ಮಾಡಿದ ಉಪಕಾರ. ಅದಕ್ಕೆ ಜನ್ಮ ಇರೋವರೆಗೂ ಕೈ ಮುಗೀರಿ, ಮಗಳ ಮದುವೆಗೆ ಮೊದಲ ಕಾಗದ ಅವರಿಗೇ ಕೊಡಿ. ಗ್ರಾಚ್ಯುಟಿ ಉಪಕಾರ ಅಲ್ಲ. ನಿಮ್ಮವರು ದುಡಿದು ಅಲ್ಲೇ ಇಟ್ಟು ಬಂದ ದುಡ್ಡು.

ಹಳೇಬೇರು | 15 ಏಪ್ರಿಲ್, ಸಂಜೆ 6:00

ಪಾಳಿಯಪ್ಪಾ, ನಿನ್ನ ಕಾನೂನು ಸರಿ ಇರಬಹುದು. ಆದರೆ ಕಷ್ಟದಲ್ಲಿ ಕೈ ಹಿಡಿದವರ ಮುಂದೆ ಕೈ ಚಾಚೋಕೆ ಗಂಡಸಿಗೆ ಆಗಲ್ಲ. ಅವನ ಮರ್ಯಾದೆಯನ್ನೂ ನೋಡಬೇಕು. ದುಡ್ಡು ಬರುತ್ತೆ ಹೋಗುತ್ತೆ.

ಎರಡನೇ ಪಾಳಿ | 15 ಏಪ್ರಿಲ್, ಸಂಜೆ 6:20

ಬರೋದು ಯಾವಾಗ ಅಮ್ಮ? ನಮ್ಮಪ್ಪನಿಗೆ ಬರಲೇ ಇಲ್ಲ.

ಲೆಕ್ಕದ ಮೇಷ್ಟ್ರು | 15 ಏಪ್ರಿಲ್, ಸಂಜೆ 7:45

ಕೂಡಿದೆ. ಈಗಿನ ಬಾಡಿಗೆಯಲ್ಲೇ ಬೆಂಗಳೂರಿನಲ್ಲಿ 34,500. ಕೈಗೆ ಖಚಿತವಾಗಿ ಬರೋದು 9,000. ಅರಸೀಕೆರೆಯಲ್ಲಿ ಬಾಡಿಗೆ 6,500, ಮಕ್ಕಳು ಸರ್ಕಾರಿ ಶಾಲೆ, ಉಳಿದದ್ದು ಸ್ವಲ್ಪ ಕಮ್ಮಿ ಅಂದರೆ 20,000 ಒಳಗೆ. ಅಂದರೆ ಅಲ್ಲೂ 11,000 ಕಮ್ಮಿ ಬೀಳುತ್ತೆ. ಊರಿಗೆ ಹೋದರೆ ಎಲ್ಲಾ ಸರಿಹೋಗುತ್ತೆ ಅಂದುಕೊಳ್ಳಬೇಡಿ. ಹಳ್ಳ ಅದೇ, ಆಳ ಕಮ್ಮಿ. ಕಾಲು ನೆಲಕ್ಕೆ ಸಿಗುತ್ತೆ.

ಇನ್ನೊಂದು. ನಿನ್ನೆ ನಾನು ಒರಟಾಗಿ ಬರೆದೆ. ಹೂವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ "ಕೇಳಿದ್ದು ಏನು?" ಅಂತ ಹಳೇಬೇರು ಕೇಳಿದರಲ್ಲ, 32 ವರ್ಷ ಮಕ್ಕಳಿಗೆ ನಾನು ಹೇಳಿಕೊಟ್ಟಿದ್ದೂ ಅದನ್ನೇ. ಪ್ರಶ್ನೆ ಪೂರ್ತಿ ಓದಿ ಆಮೇಲೆ ಲೆಕ್ಕ ಮಾಡಿ ಅಂತ.

ಕಡಲತಡಿ | 15 ಏಪ್ರಿಲ್, ರಾತ್ರಿ 9:12

ನಾನು ಮಂಗಳೂರಿನವಳು, ಈಗ ಮಸ್ಕತ್‌ನಲ್ಲಿ. ಇಷ್ಟೊತ್ತು ಸುಮ್ಮನೆ ಓದ್ತಾ ಇದ್ದೆ ಮಾರಾಯ್ರೆ.

ನಮ್ಮಲ್ಲಿ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮೇರಿ ಮಾತೆಯ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳೆಲ್ಲ ಇಗರ್ಜಿಗೆ (ಚರ್ಚಿಗೆ) ಹೂ ತಗೊಂಡು ಹೋಗೋದು. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೆ ಕೊಡ್ತಾರೆ. ಆ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನೋದು. ನಮ್ಮ ಗದ್ದೆ ಮಾರಾಟವಾದ ವರ್ಷ ನಾನು ಅಮ್ಮನ ಹತ್ತಿರ ಜಗಳ ಮಾಡಿದ್ದೆ. ಗದ್ದೆಯೇ ಇಲ್ಲ, ಯಾವ ಹೊಸ ಅಕ್ಕಿಗೆ ಥ್ಯಾಂಕ್ಸ್ ಹೇಳೋದು ಅಂತ. ಅಮ್ಮ ಏನೂ ಹೇಳಲಿಲ್ಲ. ಏಳು ಕಾಳು ಎಣಿಸಿ ಏಳು ಲೋಟಕ್ಕೆ ಹಾಕಿದಳು. ಕಾಳು ಯಾರ ಗದ್ದೆಯದ್ದೋ.

ಇದನ್ನು ಯಾಕೆ ಬರೆದೆ ಅಂತ ಗೊತ್ತಿಲ್ಲ. ನಿಮ್ಮ ಹಾಲಿನ ಪುಸ್ತಕ ಓದಿ ಬರೀಬೇಕು ಅನ್ನಿಸಿತು.

ನಿರ್ವಾಹಕರು | 16 ಏಪ್ರಿಲ್, ಬೆಳಗ್ಗೆ 8:00

ಮೂಢನಂಬಿಕೆ ಬೇಕೋ ಬೇಡವೋ ಅನ್ನೋ ಜಗಳದ 14 ಪ್ರತಿಕ್ರಿಯೆಗಳನ್ನು ಬೇರೆ ಚರ್ಚೆಗೆ ಸಾಗಿಸಿದ್ದೇವೆ. ಇಲ್ಲಿ ಮನೆ ಸಾಗಿಸೋ ಮಾತು ಮಾತ್ರ.

ತೆಂಗಿನಗರಿ | 19 ಏಪ್ರಿಲ್, ರಾತ್ರಿ 10:15

ಬೇಸಿಕ್ ಮತ್ತು ಡಿಎ 18,200. ಮಗಳು ಮೊಬೈಲಲ್ಲಿ ಲೆಕ್ಕ ಹಾಕಿದಳು. 1,15,500. ಯಜಮಾನರು ಎರಡು ಸಲ ಹಾಕಿಸಿದರು.

ಜಂಕ್ಷನ್ ಹುಡುಗ ಹೇಳಿದ ಮನೆಯ ಫೋಟೋ ನೋಡಿದೆವು. ಅತ್ತೆಗೆ ತೋರಿಸಿದೆ. ಅವರು ನೋಡಿದ್ದು ಮನೆ ಅಲ್ಲ, ಮುಂದಿನ ಜಗಲಿ. "ಇಲ್ಲಿ ಕೂತರೆ ಜನ ಓಡಾಡೋದು ಕಾಣುತ್ತಾ?" ಅಂದರು. ಕಾಣುತ್ತೆ ಅಂದೆ. ಮತ್ತೆ ಮುಖ ಗಂಟು ಹಾಕಿಕೊಂಡು, "ಅಮ್ಮನ್ನ ಕೇಳದೆ ನಾನು ಬರಲ್ಲ" ಅಂದರು.

ಹಾಗಾಗಿ ಭಾನುವಾರ ಯಜಮಾನರು ಒಬ್ಬರೇ ಊರಿಗೆ ಹೋಗಿ ಇನ್ನೊಂದ್ಸಲ ಕೇಳಿ ಬರ್ತಾರೆ. ಏನಂತ ಕೇಳಬೇಕು ಅಂತ ಚೀಟಿ ಬರೆದುಕೊಟ್ಟಿದ್ದೇನೆ. ಮೇಷ್ಟ್ರು ನಗಬೇಡಿ.

ಲೆಕ್ಕದ ಮೇಷ್ಟ್ರು | 19 ಏಪ್ರಿಲ್, ರಾತ್ರಿ 10:40

ನಕ್ಕೆ. ಚೀಟಿಯಲ್ಲಿ ಬಾಡಿಗೆ ಮೊತ್ತವನ್ನೂ ಬರೆದಿದ್ದೀರಿ ತಾನೇ?

ತೆಂಗಿನಗರಿ | 22 ಏಪ್ರಿಲ್, ಮಧ್ಯಾಹ್ನ 3:05

ಏನಾಯ್ತು ಕೇಳಿ. ಪೂಜಾರಪ್ಪ ಒಂದು ಗಂಟೆ ಕೂತರಂತೆ. ಹೂ ಬೀಳಲೇ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಕೊನೆಗೆ ಪೂಜಾರಪ್ಪ ಎದ್ದು ಮಂಗಳಾರತಿ ಮಾಡಿ, "ಅಮ್ಮ ಏನೂ ಹೇಳ್ತಿಲ್ಲ ಕಣಪ್ಪ, ನೀನೇ ಏನಾದ್ರೂ ಮಾಡ್ಕೋ ಅಂತಿರಬೇಕು" ಅಂದರಂತೆ.

ಯಜಮಾನರು ಅಲ್ಲಿಂದ ಬಸ್ ಹತ್ತಿ ಅರಸೀಕೆರೆಗೆ ಬಂದು ಮನೆ ನೋಡಿ 5,000 ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ. ನನ್ನನ್ನು ಕೇಳಲಿಲ್ಲ. ಬೆಂಗಳೂರಿನ ಈ 11 ವರ್ಷದಲ್ಲಿ ಮೊದಲ ಸಲ.

ಬೆಣ್ಣೆದೋಸೆ | 22 ಏಪ್ರಿಲ್, ಮಧ್ಯಾಹ್ನ 3:30

ದಾದಿ ಇದ್ದಿದ್ದರೆ ನಿಮ್ಮ ಪೂಜಾರಪ್ಪನಿಗೆ ಚಹಾ ಕುಡಿಸೋರು.

ಜಂಕ್ಷನ್ ಹುಡುಗ | 22 ಏಪ್ರಿಲ್, ಸಂಜೆ 5:00

ಅಕ್ಕ, ಬರೋ ಮುಂಚೆ ಇವಿಷ್ಟು ನೋಡಿಕೊಳ್ಳಿ. ಗ್ಯಾಸ್ ಏಜೆನ್ಸಿಗೆ ಸಿಲಿಂಡರು, ರೆಗ್ಯುಲೇಟರು ವಾಪಸ್ ಕೊಟ್ಟು ವರ್ಗಾವಣೆ ಕಾಗದ ಇಸ್ಕೊಳ್ಳಿ. ಹಳೇ ಮನೆಯ ಆರ್‌ಆರ್ ನಂಬರಿಗೆ (ಕರೆಂಟು ಮೀಟರಿನ ನಂಬರು) ಗೃಹಜ್ಯೋತಿ ಅಂಟಿಕೊಂಡಿರುತ್ತೆ, ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅದನ್ನು ಬಿಡಿಸಿ. ಬಿಡಿಸದೆ ಬಂದರೆ ಇಲ್ಲಿ ನಮ್ಮ ಕರೆಂಟು ಕಂಪನಿ ಸೆಸ್ಕ್‌ನಲ್ಲಿ ಹೊಸದಾಗಿ ಆಗಲ್ಲ. ಮಕ್ಕಳ ಟಿಸಿ ಜೊತೆ ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರೋ ನಂಬರು) ಬರೆದುಕೊಳ್ಳಿ. ಶಾಲೆ ಮೇ 29ಕ್ಕೆ ಶುರು. ಅಕ್ಷಯ ತೃತೀಯ ಏಪ್ರಿಲ್ 30, ಅಷ್ಟು ಬೇಗ ಆಗಲ್ಲ ಅಂದರೆ ಜೂನ್ 26ಕ್ಕೆ ಆಷಾಢ ಶುರುವಾಗುತ್ತೆ. ಅದಕ್ಕೆ ಮುಂಚೆ ಬಂದುಬಿಡಿ, ಇಲ್ಲದಿದ್ದರೆ ನಿಮ್ಮತ್ತೆ ಶ್ರಾವಣದವರೆಗೂ ಅಲುಗಾಡಲ್ಲ.

ತೆಂಗಿನಗರಿ | 11 ಮೇ, ರಾತ್ರಿ 9:50

ಒಂದು ಸಣ್ಣ ಸುದ್ದಿ. ಯಜಮಾನರು ಗ್ರಾಚ್ಯುಟಿ ಅರ್ಜಿ ಕೊಟ್ಟು ಬಂದರು. ಹೋಗುವಾಗ ಒಂದು ಡಜನ್ ಏಲಕ್ಕಿ ಬಾಳೆಹಣ್ಣು ತಗೊಂಡು ಹೋದರು. ಮೊದಲು ಹಣ್ಣು ಕೊಟ್ಟು, ಅಮ್ಮನ ಆಪರೇಷನ್‌ಗೆ ಕೊಟ್ಟಿದ್ದಕ್ಕೆ ಕೈ ಮುಗಿದು, ಆಮೇಲೆ ಅರ್ಜಿ ಮೇಜಿನ ಮೇಲೆ ಇಟ್ಟರಂತೆ. ಓನರ್ ಐದು ನಿಮಿಷ ಮಾತಾಡಲಿಲ್ಲವಂತೆ. "ಆ ಹತ್ತು ಸಾವಿರ ಇದರಲ್ಲಿ ಹಿಡ್ಕೊಳ್ಳಲಾ?" ಅಂದರಂತೆ. ಇವರು, "ಹಿಡ್ಕೊಳ್ಳಿ ಸಾರ್, ಆದರೆ ಆಮೇಲೆ ನಾನು ಯಾರಿಗೆ ಕೈ ಮುಗೀಲಿ?" ಅಂದರಂತೆ. ಇದು ನಿಜವಾಗಲೂ ಹೇಳಿದರಾ ಅಥವಾ ಬಸ್ಸಲ್ಲಿ ಬರ್ತಾ ಹೊಳೀತಾ ನನಗೆ ಅನುಮಾನ ಇದೆ.

40,000 ಬಂದಿದೆ. ಉಳಿದದ್ದು ಎರಡು ಕಂತು, ಆಗಸ್ಟ್ ಒಳಗೆ ಅಂತೆ. ನೋಡಬೇಕು.

ಮನೆ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡರು. ಬಚ್ಚಲ ನಲ್ಲಿಗೂ ಹಿಡ್ಕೊಂಡರು. ಅದು ನಾವು ಬರುವಾಗಲೇ ಸೋರುತ್ತಿತ್ತು.

ಎರಡನೇ ಪಾಳಿ | 11 ಮೇ, ರಾತ್ರಿ 10:05

ಕಂತಿನ ಮಾತು ಕಾಗದದಲ್ಲಿ ಬರೆಸಿಕೊಂಡಿದ್ದೀರಾ? ಇಲ್ಲದಿದ್ದರೆ ನಾಳೆಯೇ ಬರೆಸಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗೋಕೆ ದಾರಿ ಇದೆ.

ನಮ್ಮಪ್ಪನಿಗೆ ಬಾಳೆಹಣ್ಣಿನ ವಿಷಯ ಹೇಳಿದೆ. ಎರಡು ಸಲ ಹೇಳಿಸಿಕೊಂಡರು.

ತೆಂಗಿನಗರಿ | 26 ಮೇ, ರಾತ್ರಿ 11:30

ಬಂದಾಯ್ತು.

ನಿನ್ನೆ ಬೆಳಗ್ಗೆ ಐದಕ್ಕೆ ಟಾಟಾ ಏಸ್ ಬಂತು. ಮೊದಲು ದೇವರ ಪೆಟ್ಟಿಗೆ, ಉಪ್ಪು, ಅರಿಶಿನ, ಒಂದು ಕೊಡ ನೀರು ಏರಿಸಿದೆವು. ಅತ್ತೆಯನ್ನು ಎದುರುಮನೆ ಹುಡುಗನೇ ಕುರ್ಚಿಯಲ್ಲಿ ಇಳಿಸಿದ. ಬೀದಿ ಮುಟ್ಟಿದ ಕೂಡಲೇ ಅತ್ತೆ ಕುರ್ಚಿ ನಿಲ್ಲಿಸಿ ಅಂದರು. ನಾಲ್ಕು ತಿಂಗಳು ಕಾಣದ ಬೀದಿ. ಕೆಳಗಿನ ಮನೆ ಅಜ್ಜಿಯ ಕೈ ಹಿಡಿದು ಅತ್ತರು. ಇವರಿಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಅಷ್ಟಕ್ಕಷ್ಟೇ. 11 ವರ್ಷ ಹೇಗೆ ಜಗಳ ಆಡಿದರೋ ದೇವರೇ ಬಲ್ಲ. ನೀಲಿ ಡ್ರಮ್ಮನ್ನು ಆ ಅಜ್ಜಿಗೇ ಕೊಟ್ಟು ಬಂದೆ. ಬೆಣ್ಣೆದೋಸೆ ಅವರೇ, ನಾನೂ ಮನೆ ಗುಡಿಸಿ ಒರೆಸಿ ಹೊಸ್ತಿಲಲ್ಲಿ ನಿಂತೆ. ಏನು ಹೇಳಬೇಕೋ ತೋಚಲಿಲ್ಲ. ನಲ್ಲಿ ಸೋರೋ ಸದ್ದು ಕೇಳಿಸ್ತಿತ್ತು.

ಮಗಳು ದಾರಿ ಪೂರ್ತಿ ಮಾತಾಡಲಿಲ್ಲ. ಅವಳ ಗೆಳತಿಯರೆಲ್ಲ ಅಲ್ಲೇ. ಅವಳಿಗೆ ಏನು ಹೇಳಿ ಸಮಾಧಾನ ಮಾಡಲಿ ಅಂತ ನನಗೆ ಗೊತ್ತಿಲ್ಲ. ಅದಕ್ಕೇ ಏನೂ ಹೇಳಿಲ್ಲ. ಭಾವ ಮಧ್ಯಾಹ್ನ ಬಂದು ಇಪ್ಪತ್ತು ಕಾಯಿ ಇಟ್ಟು ಹೋದರು. ವಾರಗಿತ್ತಿ ಬರಲಿಲ್ಲ, ಹುಳಿ ಕಳಿಸಿದ್ದರು. ಎರಡೂ ಪಟ್ಟಿಗೆ ಸೇರಿಸಿದ್ದೇನೆ.

ಹಾಲು ಉಕ್ಕಿಸಬೇಕಿತ್ತು. ಗ್ಯಾಸ್ ಇನ್ನೂ ಬಂದಿಲ್ಲ. ಜಂಕ್ಷನ್ ಹುಡುಗನ ತಾಯಿ ಇಂಡಕ್ಷನ್ ಒಲೆ ತಂದುಕೊಟ್ಟರು. ಹಾಲು ಉಕ್ಕಿ ಒಲೆ ಮೇಲೆ ಬಿದ್ದದ್ದೇ ತಡ ಅದು ಕೀ ಕೀ ಅಂತ ಕೂಗಿ ಆಫ್ ಆಯ್ತು. ಗಾಜಿನ ಮೇಲೆ ಹಾಲು ನಾಲ್ಕೂ ಕಡೆ ಹರೀತು. ಅತ್ತೆ ಜಗಲಿಯಲ್ಲಿ ಕೂತವರು ಅಲ್ಲಿಂದಲೇ, "ಯಾವ ಕಡೆಗೆ ಉಕ್ಕಿತೇ?" ಅಂತ ಕೂಗಿದರು.

ಬಲಗಡೆಗೆ ಅಂದೆ.

ಈಗ ಒರೆಸೋಕೆ ಬಟ್ಟೆ ಹುಡುಕ್ತಿದ್ದೇನೆ. ಯಾವ ಚೀಲದಲ್ಲಿ ಕಟ್ಟಿದೆನೋ.